ಹೆಲ್ವಾನ್‌ನ ಎಚ್‌ಎ-300 ವಿಮಾನಕ್ಕೂ ನಮ್ಮ ಮಾರುತ್‌ಗೂ ಇದ್ದ ನಂಟು ಎಷ್ಟು ಗಟ್ಟಿಯಾದದ್ದು?

ಪ್ರಶ್ನೆ: ಇಸಾರ್ ದಂಡೆಯವನು

ನಾನು ಬೆಂಗಳೂರಿನಲ್ಲಿ ಬೆಳೆದು ಈಗ ಕೆಲವು ವರ್ಷಗಳಿಂದ ಮ್ಯೂನಿಕ್‌ನಲ್ಲಿ ನೆಲೆಸಿರುವವನು. ಈ ಊರಿನ ಉತ್ತರಕ್ಕೆ ಓಬರ್‌ಶ್ಲೈಸ್‌ಹೈಮ್ ಎಂಬಲ್ಲಿ, ಹಳೆಯ ವಿಮಾನ ನಿಲ್ದಾಣವೊಂದರ ಅಂಗಳದಲ್ಲಿ, ಡಾಯ್ಚೆಸ್ ಮ್ಯೂಸಿಯಮ್ಮಿನ ವಿಮಾನ ವಿಭಾಗವಿದೆ. ಹೋದ ಭಾನುವಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾಗ, ಸಾಲಿನಲ್ಲಿ ನಿಂತಿದ್ದ ದೊಡ್ಡ ವಿಮಾನಗಳ ನಡುವೆ ಆಟಿಕೆಯಂತೆ ಕಾಣುವ ಪುಟ್ಟದೊಂದು ಯುದ್ಧವಿಮಾನ ಕಣ್ಣಿಗೆ ಬಿತ್ತು. ಅದು ಹೆಲ್ವಾನ್ ಎಚ್‌ಎ-300. ಉದ್ದ 12.4 ಮೀಟರ್, ಎಂದರೆ ನಮ್ಮ ಸಿಟಿ ಬಸ್ಸಿಗಿಂತ ಸ್ವಲ್ಪವೇ ಹೆಚ್ಚು. ರೆಕ್ಕೆಯ ತುದಿಯಿಂದ ತುದಿಗೆ ಅದರ ಅರ್ಧವೂ ಇಲ್ಲ, 5.84 ಮೀಟರ್ ಮಾತ್ರ. ಜರ್ಮನಿಯ ಮೆಸ್ಸರ್‌ಶ್ಮಿಟ್ ರೂಪಿಸಿದ, ಸ್ಪೇನಿನಲ್ಲಿ ಆರಂಭವಾಗಿ ಈಜಿಪ್ಟಿನಲ್ಲಿ ಹಾರಿದ ಈ ವಿಮಾನ ಉತ್ಪಾದನೆಗೆ ಹೋಗಲೇ ಇಲ್ಲ ಎಂಬಷ್ಟು ಅಲ್ಲಿ ತಿಳಿಯಿತು.

ಮನೆಗೆ ಬಂದ ಮೇಲೆ ಓದುತ್ತಾ ಹೋದಾಗ ಇದರಲ್ಲಿ ಬೆಂಗಳೂರಿನ ಎಳೆಯೊಂದು ಸೇರಿದೆ ಎಂದು ಗೊತ್ತಾಗಿ ಕುತೂಹಲ ಬೆಳೆಯಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಎದುರು ನಿಲ್ಲಿಸಿರುವ, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನದ ಮೂಗನ್ನು ನೋಡುತ್ತಲೇ ಶಾಲೆಯ ದಿನಗಳನ್ನು ಕಳೆದವನಿಗೆ ಇದು ಸಹಜವೇ ಇರಬೇಕು. ಆದರೆ ಓದಿದ್ದೆಲ್ಲ ತುಂಡುತುಂಡಾಗಿದೆ. ಬಲ್ಲವರು ದಯವಿಟ್ಟು ಇಷ್ಟನ್ನು ತಿಳಿಸಬೇಕು: ಈ ಈಜಿಪ್ಟಿನ ವಿಮಾನವನ್ನು ಮೊದಲು ಹಾರಿಸಿದವರು ಭಾರತೀಯರು ಎಂಬುದು ನಿಜವೇ? ಅದಕ್ಕೆಂದು ತಯಾರಾಗುತ್ತಿದ್ದ ಎಂಜಿನ್ ನಮ್ಮ ಮಾರುತ್‌ಗೂ ಬರಬೇಕಿತ್ತೇ? ಹಾಗಿದ್ದರೆ ಎರಡೂ ಕಡೆಯವರ ಕೈತಪ್ಪಿ ಹೋದದ್ದು ಹೇಗೆ? ಇಸ್ರೇಲಿನ ಗೂಢಚಾರರು ಜರ್ಮನ್ ತಜ್ಞರನ್ನು ಹೆದರಿಸಿ ಓಡಿಸಿದ್ದರಿಂದಲೇ ಯೋಜನೆ ಸತ್ತಿತು ಎಂದು ಇಲ್ಲಿನ ಸಹೋದ್ಯೋಗಿಯೊಬ್ಬರು ಖಚಿತವಾಗಿ ಹೇಳುತ್ತಾರೆ, ಅದರಲ್ಲಿ ಹುರುಳಿದೆಯೇ?

ಉತ್ತರ: ಕಡತಗಳ ನಡುವೆ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ನಿಜ. 1964ರ ಮಾರ್ಚ್ 7ರಂದು ಕೈರೋದ ದಕ್ಷಿಣಕ್ಕಿರುವ ಹೆಲ್ವಾನ್‌ನಲ್ಲಿ ಎಚ್‌ಎ-300ರ ಮೊದಲ ಮೂಲಮಾದರಿಯನ್ನು ನೆಲ ಬಿಡಿಸಿದವರು ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ ಅವರು. ಉಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವಿಮಾನ ಕಟ್ಟುವುದನ್ನು ನಿಷೇಧಿಸಲಾಗಿತ್ತು. ಕೈಯಲ್ಲಿ ವಿದ್ಯೆಯಿದ್ದು ಮಾಡಲು ಕೆಲಸವಿಲ್ಲದ ಅಲ್ಲಿನ ವಿನ್ಯಾಸಕಾರರು, ತಮ್ಮದೇ ಯುದ್ಧವಿಮಾನ ಬೇಕೆಂದು ಹಂಬಲಿಸುತ್ತಿದ್ದ ಆದರೆ ಅದನ್ನು ರೂಪಿಸುವ ಅನುಭವವಿಲ್ಲದ ದೇಶಗಳತ್ತ ಮುಖ ಮಾಡಿದರು. ಫೋಕ್-ವುಲ್ಫ್ 190ನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ವಿಲ್ಲಿ ಮೆಸ್ಸರ್‌ಶ್ಮಿಟ್ 1951ರಲ್ಲಿ ಸ್ಪೇನಿನ ಸೆವಿಲ್ ನಗರದ ಹಿಸ್ಪಾನೋ ಅವಿಯಾಸಿಯೋನ್ ಕಾರ್ಖಾನೆ ಸೇರಿದರು. ಅಲ್ಲಿ ಅವರು ರೂಪಿಸಿದ ಎಚ್‌ಎ-200 ಸಾಯೆತಾ ಎಂಬ ಜೆಟ್ ತರಬೇತಿ ವಿಮಾನ ಯಶಸ್ವಿಯಾಯಿತು. ಮುಂದೆ ಈಜಿಪ್ಟ್ ಅದರ ಪರವಾನಗಿ ಪಡೆದು ತಾನೇ ತಯಾರಿಸಿತು. ಎಚ್‌ಎ-300 ಅದರ ನಂತರದ ಹೆಜ್ಜೆ: ಹಗುರವಾದ, ಡೆಲ್ಟಾ ಎಂದರೆ ತ್ರಿಕೋನಾಕಾರದ ರೆಕ್ಕೆಯ, ಶಬ್ದವೇಗವನ್ನು ಮೀರಬಲ್ಲ ಪ್ರತಿಬಂಧಕ ವಿಮಾನ. ಸ್ಪೇನಿನವರು ಎಂಜಿನ್ ಇಲ್ಲದ ಗ್ಲೈಡರ್ ಮಾದರಿಯೊಂದನ್ನು ಕಟ್ಟುವಷ್ಟು ದೂರ ಹೋದರಾದರೂ ಖರ್ಚು ಕೈಮೀರುತ್ತಿದ್ದಂತೆ 1960ರ ಹೊತ್ತಿಗೆ ಕೈಬಿಟ್ಟರು. ನಾಸೆರ್ ಅವರ ಈಜಿಪ್ಟ್ ಆ ಯೋಜನೆಯನ್ನು ವಿನ್ಯಾಸಕಾರರ ಸಮೇತ ಎತ್ತಿಕೊಂಡಿತು.

ಹೆಲ್ವಾನ್‌ನಲ್ಲಿ ಎರಡು ಕಾರ್ಖಾನೆಗಳು ಒಟ್ಟೊಟ್ಟಿಗೆ ಎದ್ದವು. ವಿಮಾನದ ಒಡಲನ್ನು ಕಟ್ಟುವ ಕಾರ್ಖಾನೆಗೆ 36 ಎಂಬ ಸಂಖ್ಯೆ, ಎಂಜಿನ್ ತಯಾರಿಸುವ ಕಾರ್ಖಾನೆಗೆ 135 ಎಂಬ ಸಂಖ್ಯೆ. ಎಂಜಿನ್ ಕಾರ್ಖಾನೆಯ ಮುಖ್ಯಸ್ಥ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಸಾಮಾನ್ಯ ವ್ಯಕ್ತಿಯಲ್ಲ. ಯುದ್ಧ ಮುಗಿದಾಗ ರಷ್ಯನ್ನರ ಸೆರೆಗೆ ಸಿಕ್ಕ ಅವರು ಅಲ್ಲಿ ದುಡಿದ ತಂಡದಿಂದಲೇ ತುಪೊಲೆವ್-95 ಬಾಂಬರ್‌ನ ದೈತ್ಯ ಟರ್ಬೋಪ್ರಾಪ್ ಎಂಜಿನ್ ಮೂಡಿಬಂದಿತು. ಅಂಥವರು ಈಜಿಪ್ಟಿಗಾಗಿ ಇ-300 ಎಂಬ ಟರ್ಬೋಜೆಟ್ ಎಂಜಿನ್ನನ್ನು ಬಿಳಿಹಾಳೆಯಿಂದ ಆರಂಭಿಸಿ ರೂಪಿಸಿದರು. 1963ರಲ್ಲಿ ಅದು ಪರೀಕ್ಷಾ ಪೀಠದ ಮೇಲೆ ಮೊದಲು ಓಡಿತು. ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಹಚ್ಚಿದಾಗ ಸುಮಾರು 4,800 ಕಿಲೋ ನೂಕುಬಲ ಕೊಡಬೇಕೆಂಬುದು ಅದರ ಗುರಿ. ಅದು ಸಿದ್ಧವಾಗುವವರೆಗೆ ವಿಮಾನವನ್ನು ನೆಲದ ಮೇಲೆ ಕೂರಿಸಿಕೊಳ್ಳುವ ಬದಲು, ಮೊದಲ ಎರಡು ಮೂಲಮಾದರಿಗಳಿಗೆ ಬ್ರಿಟನ್ನಿನ ಬ್ರಿಸ್ಟಲ್ ಆರ್ಫಿಯಸ್ 703 ಎಂಜಿನ್ ಕೂರಿಸಿದರು. ಕಪಿಲ್ ಭಾರ್ಗವ ಹಾರಿಸಿದ್ದು ಈ ಆರ್ಫಿಯಸ್ ಹೊತ್ತ ವಿಮಾನವನ್ನೇ. ಎರಡನೆಯದು 1965ರ ಜುಲೈನಲ್ಲಿ ಹಾರಿತು. ಇ-300ಕ್ಕೆಂದು ಕಟ್ಟಿದ ಮೂರನೆಯದು ಹಾರಲೇ ಇಲ್ಲ.

ಇನ್ನು ಬೆಂಗಳೂರಿನ ಎಳೆ. ಮಾರುತ್ ಅಥವಾ ಎಚ್‌ಎಫ್-24ನ್ನು ಟ್ಯಾಂಕ್ ರೂಪಿಸಿದ್ದು ಆರ್ಫಿಯಸ್‌ನ ಬಿಓಆರ್-12 ಎಂಬ, ಆಫ್ಟರ್‌ಬರ್ನರ್ ಇರುವ, ಇನ್ನೂ ಹುಟ್ಟದಿದ್ದ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ಎಂಜಿನ್‌ಗೆ ಯುರೋಪಿನಲ್ಲಿ ಗಿರಾಕಿ ಇಲ್ಲವಾದಾಗ, ಅಭಿವೃದ್ಧಿಯ ವೆಚ್ಚವನ್ನು ಭಾರತ ಭರಿಸಿದರೆ ಮುಂದುವರಿಸುತ್ತೇವೆ ಎಂದು ಬ್ರಿಟಿಷರು ಹೇಳಿದರು, ದೆಹಲಿ ಒಪ್ಪಲಿಲ್ಲ. ಹೀಗಾಗಿ 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಬೆಂಗಳೂರಿನಲ್ಲಿ ಮೊದಲ ಬಾರಿ ಮಾರುತ್ ಹಾರಿಸಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ 703ಗಳು. ಹೆಲ್ವಾನ್‌ನಲ್ಲಿ ವಿಮಾನಕ್ಕೆ ಹೊಂದುವ ಎಂಜಿನ್ ರೂಪುಗೊಳ್ಳುತ್ತಿತ್ತು, ಆದರೆ ಅದನ್ನು ಗಾಳಿಯಲ್ಲಿ ಪರೀಕ್ಷಿಸಲು ಸುರಕ್ಷಿತವಾದ ವಿಮಾನವಿರಲಿಲ್ಲ. ಬೆಂಗಳೂರಿನಲ್ಲಿ ವಿಮಾನವಿತ್ತು, ತಕ್ಕ ಎಂಜಿನ್ ಇರಲಿಲ್ಲ. ಕುರುಡ ಕುಂಟನನ್ನು ಹೊತ್ತು ಜಾತ್ರೆಗೆ ಹೊರಟಂತೆ ಇಬ್ಬರೂ ಒಂದಾದರು. ಮಾರುತ್ ಒಂದನ್ನು ಈಜಿಪ್ಟಿಗೆ ಕಳುಹಿಸಿ, ಅದರ ಒಂದು ಆರ್ಫಿಯಸ್ ತೆಗೆದು ಆ ಜಾಗದಲ್ಲಿ ಇ-300 ಕೂರಿಸಲಾಯಿತು. ಮಾರ್ಕ್ 1ಬಿಎಕ್ಸ್ ಎಂದು ಹೆಸರಾದ ಈ ವಿಚಿತ್ರ ವಿಮಾನ 1967ರ ಮಾರ್ಚ್ 29ರಂದು ಮೊದಲ ಬಾರಿ ಹಾರಿತು. ಅದಾಗಿ ಹತ್ತು ವಾರಗಳೊಳಗೆ, ಜೂನ್ 5ರ ಬೆಳಿಗ್ಗೆ, ಇಸ್ರೇಲಿನ ದಾಳಿಗೆ ಸಿಕ್ಕಿ ಈಜಿಪ್ಟಿನ ವಾಯುಪಡೆಯ ಬಹುಪಾಲು ನೆಲದ ಮೇಲೆಯೇ ಸುಟ್ಟುಹೋಯಿತು.

ಹೆಲ್ವಾನ್‌ನ ಯೋಜನೆ ಕೂಡಲೇ ನಿಲ್ಲಲಿಲ್ಲ. 1969ರ ಮೇ ತಿಂಗಳವರೆಗೂ ಕುಂಟುತ್ತಾ ಸಾಗಿತು. ಆದರೆ ಸೋತ ವಾಯುಪಡೆಯನ್ನು ಮತ್ತೆ ಕಟ್ಟಬೇಕಿದ್ದ ಸರ್ಕಾರಕ್ಕೆ ಬೇಕಾಗಿದ್ದದ್ದು ನಾಳೆಯ ವಿಮಾನವಲ್ಲ, ಇಂದಿನದು. ಅದನ್ನು ಸೋವಿಯತ್ ಒಕ್ಕೂಟ ಮಿಗ್-21ಗಳ ರೂಪದಲ್ಲಿ ಧಾರಾಳವಾಗಿ ಕೊಡುತ್ತಿತ್ತು.

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ಸತ್ಯವಿದೆ. 1962-63ರಲ್ಲಿ ಇಸ್ರೇಲ್ ಈಜಿಪ್ಟಿನಲ್ಲಿದ್ದ ಜರ್ಮನ್ ತಜ್ಞರ ವಿರುದ್ಧ ಬಾಂಬ್ ಅಡಗಿಸಿದ ಪಾರ್ಸೆಲ್‌ಗಳನ್ನೂ ಬೆದರಿಕೆಗಳನ್ನೂ ಬಳಸಿದ್ದು ನಿಜ. ಈಜಿಪ್ಟಿಗೆ ರಾಕೆಟ್ ಸಾಮಗ್ರಿ ಒದಗಿಸುತ್ತಿದ್ದ ಹೈನ್ಸ್ ಕ್ರುಗ್ 1962ರ ಸೆಪ್ಟೆಂಬರ್‌ನಲ್ಲಿ ಕಣ್ಮರೆಯಾದದ್ದು ನೀವಿರುವ ಮ್ಯೂನಿಕ್‌ನಲ್ಲೇ. ಆದರೆ ಆ ಕಾರ್ಯಾಚರಣೆಯ ಮುಖ್ಯ ಗುರಿ ಕ್ಷಿಪಣಿ ಯೋಜನೆಯಾಗಿತ್ತು, ವಿಮಾನವಲ್ಲ. ಅದರ ಕಾವು ಇಳಿದ ಮೇಲೆಯೇ ಎಚ್‌ಎ-300 ಮೊದಲ ಬಾರಿ ಹಾರಿತು, ಅನಂತರ ಐದು ವರ್ಷ ಬದುಕಿತು. ಕೊಂದವರನ್ನು ಬೇರೆಡೆ ಹುಡುಕಬೇಕು.

ಉತ್ತರ: ಟರ್ಬೈನ್ ತಾತ

ಮೇಲಿನವರು ಇತಿಹಾಸವನ್ನು ಅಚ್ಚುಕಟ್ಟಾಗಿ ಹೇಳಿದ್ದಾರೆ. ಎಂಜಿನ್ನುಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಲೆಕ್ಕದ ಕಡೆಯಿಂದ ಎರಡು ಮಾತು ಸೇರಿಸಬೇಕೆನಿಸುತ್ತದೆ, ಏಕೆಂದರೆ ಈ ಎರಡು ವಿಮಾನಗಳ ನಂಟು ರಾಜಕೀಯದ್ದಷ್ಟೇ ಅಲ್ಲ, ಅಂಕಿಗಳಲ್ಲೇ ಎದ್ದು ಕಾಣುತ್ತದೆ.

ಮಾರುತ್‌ನ ಗರಿಷ್ಠ ಹಾರಾಟ ತೂಕ ಸುಮಾರು 10,900 ಕಿಲೋ. ಆರ್ಫಿಯಸ್ 703 ಒಂದಕ್ಕೆ ಸುಮಾರು 2,200 ಕಿಲೋ ನೂಕುಬಲ, ಎರಡಕ್ಕೆ 4,400. ಎಂದರೆ ಒಂದು ಕಿಲೋ ತೂಕವನ್ನು ತಳ್ಳಲು ಸಿಗುವುದು 400 ಗ್ರಾಂ ಮಾತ್ರ. ಈಗ ಎಚ್‌ಎ-300 ನೋಡಿ: ಗರಿಷ್ಠ ತೂಕ ಸುಮಾರು 5,440 ಕಿಲೋ, ಎಂಜಿನ್ ಒಂದೇ ಆರ್ಫಿಯಸ್. ಭಾಗಿಸಿದರೆ ಅಲ್ಲಿಯೂ 400 ಗ್ರಾಂ. ತೂಕದಲ್ಲೂ ಬಲದಲ್ಲೂ ಒಂದು ಮಾರುತ್ ಎಂದರೆ ಹೆಚ್ಚುಕಡಿಮೆ ಎರಡು ಎಚ್‌ಎ-300. ಒಬ್ಬರನ್ನೊಬ್ಬರು ಕೇಳದೆ, ಒಂದು ಖಂಡದಾಚೆ ಕುಳಿತು, ಇಬ್ಬರು ಜರ್ಮನ್ ಹಿರಿಯರು ಒಂದೇ ಕೊರತೆಯ ಎದುರು ಬಂದು ನಿಂತಿದ್ದರು. ಆರ್ಫಿಯಸ್ ಕೆಟ್ಟ ಎಂಜಿನ್ ಎಂದು ಯಾರೂ ತಿಳಿಯಬಾರದು. ಅದೇ ಮನೆತನದ ಎಂಜಿನ್ ಹೊತ್ತ ಪುಟ್ಟ ನ್ಯಾಟ್ ವಿಮಾನ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಉರುಳಿಸಿದ್ದು ಎಲ್ಲರಿಗೂ ಗೊತ್ತಿದೆ. ನ್ಯಾಟ್‌ಗೆ ಅದು ಅಳತೆಯ ಅಂಗಿ. ಈ ಎರಡಕ್ಕೆ ಅದು ತಮ್ಮನ ಅಂಗಿ.

ಬಿಓಆರ್-12 ಬಂದಿದ್ದರೆ ಒಂದೊಂದರಿಂದ ಸುಮಾರು 3,700 ಕಿಲೋ ಸಿಕ್ಕು, ಮಾರುತ್‌ನ ಲೆಕ್ಕ 680 ಗ್ರಾಂಗೆ ಏರುತ್ತಿತ್ತು. ಟ್ಯಾಂಕ್ ರೇಖೆ ಎಳೆದದ್ದು ಈ ಅಂಕಿಗಾಗಿ. ಎರಡು ಇ-300ಗಳು ಗುರಿ ಮುಟ್ಟಿ ಬಂದಿದ್ದರೆ 880 ಗ್ರಾಂ. ಇದನ್ನು ನೋಡಿದವರು ಕೂಡಲೇ, ಅಯ್ಯೋ ಆ ಎಂಜಿನ್ ಸಿಕ್ಕಿದ್ದರೆ ಮಾರುತ್ ಮ್ಯಾಕ್ 2, ಎಂದರೆ ಶಬ್ದವೇಗದ ಎರಡು ಪಟ್ಟು, ಮುಟ್ಟುತ್ತಿತ್ತು ಎಂದು ನಿಟ್ಟುಸಿರು ಬಿಡುತ್ತಾರೆ. ಅಲ್ಲೇ ನಾನು ತಡೆಯುವುದು. ಜೆಟ್ ಎಂಜಿನ್ ಬಲ್ಬ್ ಅಲ್ಲ, ಹಳೆಯದನ್ನು ತಿರುಗಿಸಿ ತೆಗೆದು ಹೊಸದನ್ನು ತಿರುಗಿಸಿ ಹಾಕಲು. ಹೆಚ್ಚು ನೂಕುಬಲ ಕೊಡುವ ಎಂಜಿನ್ ಹೆಚ್ಚು ಗಾಳಿ ನುಂಗುತ್ತದೆ. ಆ ಗಾಳಿ ಒಳಬರುವ ದಾರಿಯನ್ನು ಅಗಲಿಸಬೇಕು, ದಾರಿ ಅಗಲಿಸಿದರೆ ಒಡಲಿನ ಸೊಂಟ ದಪ್ಪವಾಗುತ್ತದೆ, ಸೊಂಟ ದಪ್ಪವಾದರೆ ಶಬ್ದವೇಗದ ಬಳಿ ಗಾಳಿಯ ಎಳೆತ ಏರಿ ನೀವು ಗಳಿಸಿದ್ದರಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಆಫ್ಟರ್‌ಬರ್ನರ್ ಹಚ್ಚಿದ ಹೊತ್ತಿನಲ್ಲಿ ಇಂಧನ ಎರಡು ಪಟ್ಟಿಗೂ ಮೀರಿ ಉರಿಯುತ್ತದೆ. ಅದನ್ನು ತುಂಬಿಸಿಡಲು ಜಾಗ ಬೇಕು. ಮಾರುತ್‌ನ ಒಡಲು ತೆಳುವಾಗಿ, ಹರಿತವಾಗಿ, ಆರ್ಫಿಯಸ್‌ನ ಅಳತೆಗೆ ಹೊಲಿದದ್ದು. ಇ-300 ಬಂದಿದ್ದರೆ ನಮಗೆ ಸಿಗುತ್ತಿದ್ದದ್ದು ಮಾರುತ್ ಅಲ್ಲ, ಮಾರುತ್‌ನಂತೆ ಕಾಣುವ ಬೇರೊಂದು ವಿಮಾನ. ಅದಕ್ಕೆ ಮತ್ತೆ ಐದಾರು ವರ್ಷದ ದುಡಿಮೆ ಬೇಕಿತ್ತು.

ಆದರೆ ಪರೀಕ್ಷೆಗೆಂದು ಮಾರುತ್‌ನನ್ನು ಆರಿಸಿದ್ದು ಜಾಣತನ. ಹೊಸ ಎಂಜಿನ್ ಮಧ್ಯಾಕಾಶದಲ್ಲಿ ಆರಿಹೋದರೂ ಪಕ್ಕದ ಆರ್ಫಿಯಸ್ ಮನೆಗೆ ತಂದು ಮುಟ್ಟಿಸುತ್ತದೆ. ಅದೂ ಅಲ್ಲದೆ ಮಾರುತ್‌ನಲ್ಲಿ ಎರಡೂ ಎಂಜಿನ್‌ಗಳು ಒಡಲಿನೊಳಗೆ ಒಂದಕ್ಕೊಂದು ತಾಗಿಕೊಂಡಿರುವುದರಿಂದ, ಒಂದು ಜೋರಾಗಿ ಇನ್ನೊಂದು ಮೆಲ್ಲಗೆ ತಳ್ಳಿದರೂ ಮೂಗು ಪಕ್ಕಕ್ಕೆ ವಾಲುವುದು ಕಡಿಮೆ. ರೆಕ್ಕೆಗಳ ಕೆಳಗೆ ದೂರದೂರ ಎಂಜಿನ್ ತೂಗುಹಾಕಿದ ವಿಮಾನದಲ್ಲಿ ಈ ಪ್ರಯೋಗ ಇಷ್ಟು ಸುಲಭವಾಗಿರುತ್ತಿರಲಿಲ್ಲ. ಒಂಟಿ ಎಂಜಿನ್ನಿನ ಎಚ್‌ಎ-300ರಲ್ಲಂತೂ ಹೊಸ ಎಂಜಿನ್ ಆರಿತೆಂದರೆ ಪೈಲಟ್‌ಗೆ ಉಳಿಯುವುದು ಮರಳುಗಾಡು ಮತ್ತು ಪ್ಯಾರಾಚೂಟ್.

ಈಜಿಪ್ಟಿನ ಬಾಗಿಲು ಮುಚ್ಚುವ ಮೊದಲೇ ಬೆಂಗಳೂರಿನಲ್ಲಿ ಬೇರೆ ಬಾಗಿಲುಗಳನ್ನೂ ತಟ್ಟಿದ್ದರು. ಸೋವಿಯತ್ ಆರ್‌ಡಿ-9 ಎಂಜಿನ್ನನ್ನು ಪರಿಶೀಲಿಸಿ ಬಿಟ್ಟರು. ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು ಇರುವ ಆರ್ಫಿಯಸ್‌ಗೇ ರೀಹೀಟ್ (ಆಫ್ಟರ್‌ಬರ್ನರ್‌ನ ಇನ್ನೊಂದು ಹೆಸರು) ಕಟ್ಟಿದರು. ಹೊರಗಿನವರ ಹಂಗಿಲ್ಲದ ಈ ದಾರಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ವಿವೇಕದ್ದು. ಆದರೆ ರೀಹೀಟ್‌ಗೆ ದೊಡ್ಡ ನಾಜಲ್, ಎಂದರೆ ಬಿಸಿ ಅನಿಲ ಹೊರಬೀಳುವ ಬಾಯಿ, ಬೇಕು, ದೊಡ್ಡ ನಾಜಲ್‌ಗೆ ದಪ್ಪನೆಯ ಹಿಂಬದಿ ಬೇಕು. ಆ ದಪ್ಪ ಹಿಂಬದಿಯ ಎಳೆತವೇ ಗಳಿಸಿದ ಬಲವನ್ನು ತಿನ್ನತೊಡಗಿತು. 1970ರ ಜನವರಿ 10ರಂದು ಆ ರೀಹೀಟ್ ಮಾದರಿ ಬೆಂಗಳೂರಿನಲ್ಲಿ ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅಪ್ಪಳಿಸಿ, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಹಳೆಯ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ತಿರುಗುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಿಗ್ನಲ್ಲಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದ್ದೆಂದು ಗೊತ್ತಿದೆಯೋ.

ಉತ್ತರ: ಒಪ್ಪದವನು

ತಾತನವರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಎರಡೂ ವಿಮಾನಗಳಿಗೆ ಅದೇ 400 ಗ್ರಾಂ ಬರುತ್ತದೆ ಎಂಬುದನ್ನು ನಾನು ಹಿಂದೆಲ್ಲೂ ಗಮನಿಸಿರಲಿಲ್ಲ. ಆದರೆ ಉತ್ಪಾದನೆ ಮುಟ್ಟದ ಪ್ರತಿಯೊಂದು ಯುದ್ಧವಿಮಾನದ ಕಥೆಯನ್ನೂ ಎಂಜಿನ್ ಸಿಗಲಿಲ್ಲ ಎಂಬ ಒಂದೇ ಗೂಟಕ್ಕೆ ಕಟ್ಟುವ ರೂಢಿ ನಮ್ಮಲ್ಲಿ ಬೇರೂರಿದೆ, ಅದನ್ನು ನಾನು ಪ್ರಶ್ನಿಸುತ್ತೇನೆ.

ಅದೇ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬರುವ ಮೊದಲು ಅರ್ಜೆಂಟೀನಾದಲ್ಲಿ ಕಟ್ಟಿದ ಪುಲ್ಕಿ-2 ವಿಮಾನವನ್ನು ನೋಡಿ. ಅದಕ್ಕೆ ಎಂಜಿನ್ನಿನ ಚಿಂತೆಯೇ ಇರಲಿಲ್ಲ. ಆ ಕಾಲದ ಅತ್ಯುತ್ತಮ ಜೆಟ್ ಎಂಜಿನ್‌ಗಳಲ್ಲೊಂದಾದ ರೋಲ್ಸ್-ರಾಯ್ಸ್ ನೀನ್ ಅವರ ಕೈಯಲ್ಲಿತ್ತು. ಸೋವಿಯತ್ ಮಿಗ್-15ರ ಎಂಜಿನ್ ಅದೇ ನೀನ್‌ನ ನಕಲಿನಿಂದ ಬಂದದ್ದು ಎಂದರೆ ಅದರ ಯೋಗ್ಯತೆ ತಿಳಿಯುತ್ತದೆ. 1950ರಲ್ಲಿ ಜೆಟ್ ಶಕ್ತಿಯಿಂದ ಹಾರಿದ ಪುಲ್ಕಿ-2, ರೆಕ್ಕೆಯ ಓರೆಯಲ್ಲೂ ವೇಗದಲ್ಲೂ ಜಗತ್ತಿನ ಮುಂಚೂಣಿ ವಿಮಾನಗಳ ಸಾಲಿನಲ್ಲಿ ನಿಲ್ಲುವಂಥದ್ದು. ಐದು ಮೂಲಮಾದರಿಗಳನ್ನು ಕಟ್ಟಿದರು, ಅಪಘಾತಗಳಲ್ಲಿ ಇಬ್ಬರು ಪೈಲಟ್‌ಗಳನ್ನು ಕಳೆದುಕೊಂಡರು, 1955ರಲ್ಲಿ ಪೆರೋನ್ ಸರ್ಕಾರ ಉರುಳಿತು. ಮುಂದೆ ಅರ್ಜೆಂಟೀನಾ ಅಮೆರಿಕದ ಸೇಬರ್‌ಗಳನ್ನು ಕೊಂಡಿತು. ಟ್ಯಾಂಕ್ ತಮ್ಮ ತಂಡದ ಒಂದು ಭಾಗವನ್ನು ಕಟ್ಟಿಕೊಂಡು ಭಾರತದ ದಾರಿ ಹಿಡಿದರು. ಎಂಜಿನ್ ಇದ್ದೂ ವಿಮಾನ ಸತ್ತಿತು. ಇದಕ್ಕೆ ಏನು ಹೇಳುತ್ತೀರಿ?

ಮೂರೂ ಕಡೆ ನನಗೆ ಕಾಣುವುದು ಒಂದೇ ದೃಶ್ಯ. ಸ್ವಂತ ವಿಮಾನ ಒಲೆಯ ಮೇಲೆ ಅರ್ಧ ಬೆಂದಿರುವಾಗ ಪಕ್ಕದ ಮನೆಯ ಶ್ರೀಮಂತ, ಬಿಸಿಬಿಸಿ ಊಟವನ್ನು ಅಗ್ಗದ ದರಕ್ಕೆ, ಸಾಲಕ್ಕೆ ಬೇಕಾದರೂ, ಬಾಗಿಲಿಗೆ ತಂದಿಡುತ್ತಾನೆ. ಅರ್ಜೆಂಟೀನಾಕ್ಕೆ ಸೇಬರ್. ಈಜಿಪ್ಟಿಗೆ ಮಿಗ್-21. ನಮಗೂ ಮಿಗ್-21: ಅದರ ಒಪ್ಪಂದವಾದದ್ದು 1962ರಲ್ಲಿ, ಎಂದರೆ ಮಾರುತ್ ಮೊದಲ ಬಾರಿ ಹಾರಿದ ಮರುವರ್ಷವೇ. ಶಬ್ದವೇಗದ ಎರಡು ಪಟ್ಟು ಹಾರುವ ವಿಮಾನ ಪರವಾನಗಿ ಸಮೇತ ಮನೆಬಾಗಿಲಿಗೆ ಬಂದ ಮೇಲೆ, ಶಬ್ದವೇಗದ ಹೊಸ್ತಿಲಲ್ಲೇ ನಿಂತ ಮಾರುತ್‌ಗಾಗಿ ಪರದೇಶದಲ್ಲಿ ಎಂಜಿನ್ ಬೇಯಿಸುವ ಸಹನೆ ಯಾವ ಹಣಕಾಸು ಇಲಾಖೆಗೆ ಇದ್ದೀತು? ಬಿಓಆರ್-12ಕ್ಕೆ ಹಣ ಕೊಡಲು ದೆಹಲಿ ಒಪ್ಪದಿದ್ದದ್ದನ್ನು ಎಲ್ಲರೂ ಮೂರ್ಖತನ ಎನ್ನುತ್ತಾರೆ. ಬೇರೆ ಯಾವ ಗಿರಾಕಿಯೂ ಇಲ್ಲದ ಎಂಜಿನ್ನನ್ನು, ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶವೊಂದು ಒಬ್ಬಂಟಿಯಾಗಿ ಸಾಕಲು ಹಿಂಜರಿದದ್ದು ನನಗೆ ಅಷ್ಟು ಮೂರ್ಖತನವಾಗಿ ಕಾಣುವುದಿಲ್ಲ.

ಮಾರುತ್‌ನ ಮುಂದಿನ ಪೀಳಿಗೆ ಎಂದು ಹೇಳಲಾದ ಎಚ್‌ಎಫ್-73 ಇದಕ್ಕೆ ಇನ್ನೊಂದು ಸಾಕ್ಷಿ. ಅದು ಕಾಗದ ಬಿಟ್ಟು ಏಳಲಿಲ್ಲ. ಒಳನುಗ್ಗಿ ದಾಳಿ ಮಾಡುವ ವಿಮಾನದ ಜಾಗಕ್ಕೆ ಕೊನೆಗೆ ಬಂದು ಕುಳಿತದ್ದು ಜಾಗ್ವಾರ್.

ಉತ್ತರ: ಕಡತಗಳ ನಡುವೆ

ಒಪ್ಪದವನು ಅವರಿಗೆ: ಪುಲ್ಕಿಯ ಉದಾಹರಣೆ ಚೆನ್ನಾಗಿದೆ, ಆದರೆ ಮಾರುತ್‌ನನ್ನು ಅದೇ ಸಾಲಿನಲ್ಲಿ ಕೂರಿಸುವಾಗ ಒಂದು ಎಚ್ಚರ ಬೇಕು. ಮಾರುತ್ ಉತ್ಪಾದನೆ ಮುಟ್ಟಿದ ವಿಮಾನ. ಎರಡು ಆಸನಗಳ ತರಬೇತಿ ಮಾದರಿಗಳೂ ಸೇರಿ 147 ವಿಮಾನಗಳು ಬೆಂಗಳೂರಿನಿಂದ ಹೊರಬಂದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ದಾಳಿಗೆ ಅವು ಹೋದವು, ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಮಾರುತ್‌ನಿಂದಲೇ ಪಾಕಿಸ್ತಾನದ ಒಂದು ಸೇಬರ್ ಉರುಳಿಸಿದರು. ಉತ್ಪಾದನೆಗೆ ಹೋಗದೆ ಉಳಿದದ್ದು ಮಾರುತ್ ಅಲ್ಲ, ಅದು ಆಗಬೇಕಿದ್ದ ಮಾರುತ್‌ಗಳು: 1ಬಿಎಕ್ಸ್, ರೀಹೀಟ್ ಮಾದರಿ, ಎಚ್‌ಎಫ್-73. ಎಚ್‌ಎ-300ಕ್ಕೆ ನಿಜವಾದ ಒಡಹುಟ್ಟಿದವರು ಇವು. ಮೂಲ ಪ್ರಶ್ನೆ ಕೇಳಿದವರು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ಹೇಳುತ್ತಿದ್ದೇನೆ, ಏಕೆಂದರೆ ವಿದೇಶಿ ಬರಹಗಳಲ್ಲಿ ಎರಡನ್ನೂ ವಿಫಲ ವಿಮಾನಗಳೆಂಬ ಒಂದೇ ಬುಟ್ಟಿಗೆ ಹಾಕುವುದನ್ನು ನಾನು ಪದೇ ಪದೇ ನೋಡಿದ್ದೇನೆ.

ಉತ್ತರ: ಟರ್ಬೈನ್ ತಾತ

ಪುಲ್ಕಿಯ ಮಾತಿಗೆ ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಅರ್ಧಕ್ಕೆ ಮಾತ್ರ. ಪೂರ್ತಿ ಸೋಲದಿರಲು ಕಾರಣ ಇದು: ಅರ್ಜೆಂಟೀನಾ ನೀನ್ ಎಂಜಿನ್ನನ್ನು ಕೊಂಡು ತಂದಿತ್ತು, ಮಾಡಿರಲಿಲ್ಲ. ಕೊಂಡ ಎಂಜಿನ್ನಿನ ಮೇಲೆ ಐದು ಮೂಲಮಾದರಿ ಹಾರಿಸಬಹುದು; ನೂರು ವಿಮಾನ ಕಟ್ಟುವ ಹೊತ್ತಿಗೆ ಮಾರುವವನ ಮರ್ಜಿ, ಬಿಡಿಭಾಗ, ಡಾಲರು ಎಲ್ಲವೂ ಅಡ್ಡ ಬರುತ್ತವೆ. ಮಾರುತ್ 147ರ ಸಂಖ್ಯೆ ಮುಟ್ಟಿದ್ದರ ಗುಟ್ಟು, ಆರ್ಫಿಯಸ್ ಎಂಜಿನ್ ಬೆಂಗಳೂರಿನಲ್ಲೇ ಪರವಾನಗಿಯ ಮೇಲೆ ತಯಾರಾಗುತ್ತಿದ್ದದ್ದು. ಕಡಿಮೆ ಬಲದ್ದಾದರೂ ಮನೆಯದು. ನಿಮ್ಮ ಶ್ರೀಮಂತ ನೆರೆಯವನ ಊಟದ ಹೋಲಿಕೆಯನ್ನೇ ಹಿಡಿದು ಹೇಳುವುದಾದರೆ, ಸೌದೆ ಮನೆಯದಾಗಿದ್ದರೆ ಅಡುಗೆ ನಿಧಾನವಾದರೂ ಆಗುತ್ತದೆ. 1980ರ ದಶಕದಲ್ಲಿ ತೇಜಸ್‌ಗೆಂದು ಕಾವೇರಿ ಎಂಜಿನ್ ಕೈಗೆತ್ತಿಕೊಂಡಾಗ ಇದೇ ಯೋಚನೆ ಇತ್ತು. ಆದರೂ 2001ರ ಜನವರಿ 4ರಂದು ತೇಜಸ್ ಹಾರಿದ್ದು ಅಮೆರಿಕದ ಎಂಜಿನ್ನಿನ ಮೇಲೆ.

ಇನ್ನೊಂದು ವಿಷಯ. ಬ್ರಾಂಡ್ನರ್ ಅವರ ಇ-300ನ್ನು ನಾವು ಎಷ್ಟು ಹೊಗಳಿದರೂ, ಅದು ಹಾರಿದ್ದು ಎರಡು ವರ್ಷ, ಅದೂ ಒಂದು ಪರೀಕ್ಷಾ ವಿಮಾನದ ಒಂದು ಬದಿಯಲ್ಲಿ ಮಾತ್ರ. ಪರೀಕ್ಷಾ ಪೀಠದ ಮೇಲೆ ಗುರಿ ಮುಟ್ಟುವುದು ಬೇರೆ, ನೂರಾರು ಗಂಟೆ ಓಡಿ ಬ್ಲೇಡು ಬಿರುಕು ಬಿಡದೆ ನಿಲ್ಲುವುದು ಬೇರೆ. ಎಂಜಿನ್ನಿನ ನಿಜವಾದ ಕಷ್ಟ ಎರಡನೆಯದರಲ್ಲಿದೆ, ಮತ್ತು ಅಲ್ಲಿಗೆ ತಲುಪುವ ಮೊದಲೇ ಯೋಜನೆ ಮುಗಿಯಿತು. ಆದ್ದರಿಂದ 880 ಗ್ರಾಂ ಎಂದು ನಾನೇ ಮೇಲೆ ಬರೆದ ಅಂಕಿಯನ್ನು ಪಂಚಾಂಗದ ಮಳೆಯಷ್ಟೇ ನಂಬಿರಿ.

ಪ್ರತಿಕ್ರಿಯೆ: ಇಸಾರ್ ದಂಡೆಯವನು

ಎಲ್ಲರಿಗೂ ಕೃತಜ್ಞತೆಗಳು. ಗೂಢಚಾರರ ಕಥೆಯನ್ನು ನಂಬಿದ್ದ ಸಹೋದ್ಯೋಗಿಗೆ ದಿನಾಂಕಗಳನ್ನು ತೋರಿಸಿದೆ. ಕ್ರುಗ್ ಪ್ರಕರಣ ಇದೇ ಊರಿನದೆಂದು ತಿಳಿದು ಅವರು ಅದನ್ನೇ ಹಿಡಿದುಕೊಂಡರೇ ಹೊರತು ನನ್ನ ವಾದವನ್ನು ಒಪ್ಪಲಿಲ್ಲ.

ತಾತನವರ ಲೆಕ್ಕ ಓದಿದ ಮೇಲೆ ನನಗೆ ಹೊಸದೊಂದು ಕೆಲಸ ಹುಟ್ಟಿದೆ. ಎಚ್‌ಎ-300ರ ಗಾಳಿದಾರಿಗಳನ್ನು ಆರಂಭದಿಂದಲೇ ಇ-300ರ ಅಳತೆಗೆ ಕಟ್ಟಿದ್ದರೇ ಅಥವಾ ಮೊದಲ ಮಾದರಿಗಳಲ್ಲಿ ಆರ್ಫಿಯಸ್‌ನ ಅಳತೆಗೆ ಕಿರಿದಾಗಿಸಿದ್ದರೇ ಎಂಬುದು ಹತ್ತಿರದಿಂದ ನೋಡಿದರೆ ತಿಳಿಯಬಹುದೆನಿಸುತ್ತದೆ. ಮುಂದಿನ ವಾರ ಮತ್ತೆ ಓಬರ್‌ಶ್ಲೈಸ್‌ಹೈಮ್‌ಗೆ ಹೋಗಿ ಗಾಳಿದಾರಿಯ ಬಾಯಿಯನ್ನೂ ಹಿಂಬದಿಯ ನಾಜಲ್ಲನ್ನೂ ಎದುರಿನಿಂದ ಚಿತ್ರ ತೆಗೆದು ಇಲ್ಲಿ ಹಾಕುತ್ತೇನೆ. ಬೆಂಗಳೂರಿನಲ್ಲಿರುವವರು ಯಾರಾದರೂ ಕಸ್ತೂರಬಾ ರಸ್ತೆಯ ಮಾರುತ್‌ನ ಅದೇ ಭಾಗಗಳ ಚಿತ್ರ ತೆಗೆದು ಹಾಕಿದರೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಚಿತ್ರದಲ್ಲಿ ಅಳತೆಗಾಗಿ ಒಂದು ಮೀಟರ್ ಕೋಲನ್ನೋ, ಅದಿಲ್ಲದಿದ್ದರೆ ಪಕ್ಕದಲ್ಲಿ ಒಬ್ಬರನ್ನೋ ನಿಲ್ಲಿಸುವುದನ್ನು ಮರೆಯಬೇಡಿ.